ಗದ್ದಲದಲ್ಲಿ ಉಗ್ಗು

ಭೋಸರಿಯ ಎಂಐಡಿಸಿಯಲ್ಲಿ ನನ್ನ ಮೊದಲ ಕೆಲಸ ಒಂದು ಪ್ರೆಸ್ ಶಾಪಿನಲ್ಲಿತ್ತು. ಚಿಕ್ಕಂದಿನಿಂದ ಉಗ್ಗುವ ನಾನು ಅಲ್ಲಿ, ಪ್ರೆಸ್‌ಗಳು ಒಟ್ಟಿಗೆ ಬಡಿಯುವಾಗ, ಪಕ್ಕದವನ ಕಿವಿಯ ಹತ್ತಿರ ಸರಾಗವಾಗಿ ಕೂಗಿ ಹೇಳುತ್ತಿದ್ದೆ. ಅದೇ ನಾನು ಬೆಳಗಿನ ತಿಂಡಿಗೆ ಕ್ಯಾಂಟೀನಿನಲ್ಲಿ ‘ಪೋಹೆ’ ಎನ್ನಲಾಗದೆ ಬರೀ ಚಹಾ ಕುಡಿದು ಬಂದದ್ದುಂಟು. ಎರಡೂ ಕಡೆ ಗದ್ದಲವೇ. ಒಂದು ಕಡೆ ನಾಲಿಗೆ ಬಿಚ್ಚಿತು, ಇನ್ನೊಂದು ಕಡೆ ಕಟ್ಟಿತು. ಯಾಕೆ?

ಪ್ರಶ್ನೆ ಹಳೆಯದು. ಕ್ರಿ.ಪೂ. 4ನೇ ಶತಮಾನದ ಅಥೆನ್ಸಿನ ವಾಗ್ಮಿ ಡೆಮಾಸ್ತನೀಸ್ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತು ಕಲಿತ ಕಥೆ ನಾವೆಲ್ಲ ಕೇಳಿದ್ದೇವೆ. ಅವನು ಕಡಲ ಮೊರೆತದೆದುರು ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದನಂತೆ. ಸಭೆಯ ಗಲಾಟೆಗೆ ಎದೆಗುಂದಬಾರದೆಂದು ಹಾಗೆ ಮಾಡಿದ ಎನ್ನುತ್ತಾನೆ ರೋಮಿನ ಕ್ವಿಂಟಿಲಿಯನ್.

1911ರಲ್ಲಿ ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್, ಕಿವಿಗೆ ಗದ್ದಲ ತುಂಬಿದರೆ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸುತ್ತಾನೆಂದು ತೋರಿಸಿದ. ಅಂದರೆ ನಾವು ಮಾತಾಡುವುದು ನಮ್ಮ ದನಿಯನ್ನು ನಾವೇ ಕೇಳಿಸಿಕೊಳ್ಳುತ್ತ. 1950ರಲ್ಲಿ ಅಮೆರಿಕದ ಬರ್ನಾರ್ಡ್ ಲೀ ಇದರ ಇನ್ನೊಂದು ಮುಖ ಕಂಡ: ಮಾತಾಡುವವನ ದನಿಯನ್ನೇ ಸೆಕೆಂಡಿನ ಒಂದಂಶ ತಡವಾಗಿ ಅವನ ಕಿವಿಗೆ ಕಳಿಸಿದರೆ ಚೆನ್ನಾಗಿ ಮಾತಾಡುವವರೂ ತಡವರಿಸುತ್ತಾರೆ. ಆನ್‌ಲೈನ್ ಮೀಟಿಂಗಿನಲ್ಲಿ ತಮ್ಮದೇ ದನಿ ಮರುಕಳಿಸಿದವರಿಗೆ ಇದು ಗೊತ್ತು.

1956ರಲ್ಲಿ ಲಂಡನ್ನಿನ ಕಾಲಿನ್ ಚೆರ್ರಿ ಮತ್ತು ಬ್ರೂಸ್ ಸೇಯರ್ಸ್ ಉಗ್ಗುವವರ ಕಿವಿಗೆ ಹೆಡ್‌ಫೋನಿನಲ್ಲಿ ಜೋರು ಗದ್ದಲ ಬಿಟ್ಟರು. ತಮ್ಮ ದನಿ ತಮಗೇ ಕೇಳದಂತಾದಾಗ ಹೆಚ್ಚಿನವರ ಉಗ್ಗು ಬಹುತೇಕ ನಿಂತುಹೋಯಿತು. ಮೂಳೆಯ ಮೂಲಕ ಒಳಕಿವಿ ಸೇರುವ ತಗ್ಗು ಸ್ವರಗಳನ್ನು ಮುಚ್ಚಿದಾಗ ಪರಿಣಾಮ ಇನ್ನೂ ಚೆನ್ನಾಗಿತ್ತು. 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ಇದೇ ತತ್ವದ ಯಂತ್ರವೊಂದು ಬಂತು. ಗಂಟಲ ಮೇಲಿನ ಮೈಕ್ ದನಿಯ ಕಂಪನ ಹಿಡಿದೊಡನೆ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಶುರುವಾಗುತ್ತಿತ್ತು. ಆದರೆ ಯಂತ್ರ ತೆಗೆದರೆ ಉಗ್ಗು ಮರಳುತ್ತಿತ್ತು, ಜೋರು ಸದ್ದಿನಿಂದ ಕಿವಿ ಕೆಡುವ ಭಯ ಬೇರೆ. ಗದ್ದಲ ಯಾಕೆ ಸಹಾಯ ಮಾಡುತ್ತದೆಂಬ ಬಗ್ಗೆ ತಜ್ಞರಲ್ಲಿ ಇಂದಿಗೂ ಒಮ್ಮತವಿಲ್ಲ.

ನನ್ನ ಪ್ರೆಸ್ ಶಾಪ್ ಒಂದು ದೊಡ್ಡ ಹೆಡ್‌ಫೋನ್ ಆಗಿತ್ತು, ಅಷ್ಟೇ. ನನ್ನ ದನಿ ನನಗೆ ಕೇಳುತ್ತಿರಲಿಲ್ಲ. ಅಲ್ಲಿ ಎಲ್ಲರೂ ಕೂಗುವವರೇ, ಎಲ್ಲರೂ ಎರಡು ಸಲ ಹೇಳುವವರೇ. ನನ್ನ ತಡವರಿಕೆಯನ್ನು ಯಾರೂ ಗಮನಿಸುತ್ತಿರಲಿಲ್ಲ.

ಕ್ಯಾಂಟೀನಿನ ಗದ್ದಲ ಬೇರೆ ಜಾತಿಯದು. ನನ್ನ ದನಿ ನನಗೆ ಚೆನ್ನಾಗಿ ಕೇಳುವಷ್ಟು ಕಡಿಮೆ, ಕೌಂಟರಿನ ಆಚೆಯವನಿಗೆ ಕೇಳದಷ್ಟು ಹೆಚ್ಚು. ಕಷ್ಟಪಟ್ಟು ಹೊರಡಿಸಿದ ಪದಕ್ಕೆ ಉತ್ತರ ‘ಕಾಯ್? ಪರತ್ ಸಾಂಗ್.’ ಏನು, ಇನ್ನೊಮ್ಮೆ ಹೇಳು. ಹಿಂದೆ ಸಾಲು ಬೆಳೆಯುತ್ತದೆ. ಬೆಟ್ಟ ಹತ್ತಿ ಇಳಿದವನಿಗೆ ಮತ್ತೆ ಹತ್ತು ಎಂದಂತೆ. ಕಲಬುರಗಿ, ಬೀದರ್, ವಿಜಯಪುರಗಳಿಂದ ಬಂದ ನಮ್ಮವರಿಗೆ ಭಾಷೆಯೂ ಎರವಲು. ಉಗ್ಗಿದರೆ ‘ಮರಾಠಿ ಬರುವುದಿಲ್ಲ’ ಎಂದುಕೊಳ್ಳುತ್ತಾರೆ. ಎಷ್ಟೋ ಸಲ ನಾನೂ ಆ ನೆಪದ ಹಿಂದೆ ಅಡಗಿದ್ದೇನೆ.

ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಉಗ್ಗಿಗೆ ಅಲ್ಲಿ ಚಿಕಿತ್ಸೆ ಸಿಗುತ್ತದೆ. ನಮ್ಮೂರ ಕಡೆ ಆಗ ಇದು ಗೊತ್ತಿದ್ದವರು ಕಡಿಮೆ.

ಆ ಕ್ಯಾಂಟೀನಿನಲ್ಲಿ ಒಬ್ಬ ಮುದುಕರಿದ್ದರು. ನಾನು ಸಾಲಿನ ತುದಿಗೆ ಬಂದಾಗ ಚಟ್ನಿಯ ಮಿಕ್ಸರ್ ನಿಲ್ಲಿಸಿ, ನನ್ನ ಮುಖ ನೋಡುತ್ತ ಸುಮ್ಮನೆ ನಿಲ್ಲುತ್ತಿದ್ದರು. ಪದವನ್ನು ನನ್ನ ಬಾಯಿಂದ ಕಿತ್ತುಕೊಳ್ಳುತ್ತಿರಲಿಲ್ಲ. ಅವರ ಪಾಳಿ ಇದ್ದ ದಿನ ನನಗೆ ಪೋಹೆ ಸಿಗುತ್ತಿತ್ತು.