ಮಂಗನ ಕಾಯಿಲೆಯ ತನಿಖೆಯಲ್ಲಿ ಪ್ರತಿಕಾಯ ಪರೀಕ್ಷೆ

ಸೋಂಕು ತಗುಲಿದ ದೇಹ ರೋಗಾಣುವಿನ ವಿರುದ್ಧ ತಯಾರಿಸಿಕೊಳ್ಳುವ ಪ್ರೋಟೀನುಗಳಿಗೆ ಪ್ರತಿಕಾಯಗಳೆಂದು ಹೆಸರು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ಸೀರಂನಲ್ಲಿ ಇವನ್ನು ಗುರುತಿಸಿದರೆ, ಹಬ್ಬುತ್ತಿರುವ ಜ್ವರ ಯಾವುದು, ಯಾರಿಗೆ ಈಗ ತಗುಲಿದೆ, ಯಾರಿಗೆ ಹಿಂದೆಯೇ ಬಂದುಹೋಗಿದೆ ಎಂಬುದನ್ನು ಬಹುಮಟ್ಟಿಗೆ ಹೇಳಬಹುದು. ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ದೊಡ್ಡ ಪರೀಕ್ಷೆಯಾದದ್ದು ಮಂಗನ ಕಾಯಿಲೆ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ.

ದಿಂಬಂ ಮತ್ತು ಸುತ್ತಿನ ಕಾಡು

ಈರೋಡ್ ಜಿಲ್ಲೆಯ ಬಣ್ಣಾರಿಯಿಂದ 27 ಕಡಿದಾದ ತಿರುವುಗಳ ಘಾಟಿ ಹತ್ತಿದರೆ ದಿಂಬಂ. ಅಲ್ಲಿಂದ ಹಾಸನೂರು ದಾಟಿ ರಸ್ತೆ ಚಾಮರಾಜನಗರಕ್ಕೆ ಇಳಿಯುತ್ತದೆ. ತಾಳವಾಡಿ ಸೀಮೆಯಲ್ಲಿ ಕನ್ನಡ ಮನೆಮಾತು. ಕಾಡಂಚಿನ ಹಾಡಿಗಳಲ್ಲಿ ಸೋಲಿಗರಿದ್ದಾರೆ. ಸತ್ಯಮಂಗಲ, ಬಿಳಿಗಿರಿರಂಗನ ಬೆಟ್ಟ, ಬಂಡೀಪುರ, ಮುದುಮಲೈ, ವಯನಾಡು ಕಾಗದದ ಮೇಲೆ ಮೂರು ರಾಜ್ಯಗಳಿಗೆ ಸೇರಿದ್ದರೂ ಮಂಗಕ್ಕೂ ಕಾಯಿಲೆ ಹರಡುವ ಉಣ್ಣೆಗೂ ಒಂದೇ ಕಾಡು. ದಶಕಗಳ ಕಾಲ ಶಿವಮೊಗ್ಗ ಮತ್ತು ಅದರ ನೆರೆ ಜಿಲ್ಲೆಗಳ ಕಾಯಿಲೆ ಎನಿಸಿಕೊಂಡಿದ್ದ ಮಂಗನ ಕಾಯಿಲೆ 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಪತ್ತೆಯಾಯಿತು. ಅದೇ ಕಾಡಿನ ದಿಂಬಂ ಈ ಲೇಖನದಲ್ಲಿ ಬರುವುದು ಆ ಕಾರಣಕ್ಕೆ.

1957: ಹೆಸರಿಗೆ ಮೊದಲೇ ಸಿಕ್ಕ ಸುಳಿವು

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಆಸುಪಾಸಿನ ಹಳ್ಳಿಗಳಲ್ಲಿ ಜ್ವರವಿದೆ ಎಂಬ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದಾಗ ಮೊದಲು ಎದ್ದ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳ ಸಾವು ಅದರ ಮುನ್ಸೂಚನೆ; ಭಾರತಕ್ಕೆ ಆ ಜ್ವರ ಎಂದೂ ಬಂದಿರಲಿಲ್ಲ. ಟೆಲ್ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಪಿಡೊ ಅವರ ತಂಡ ಅಲ್ಲಿಂದ ವೈರಸ್ ಬೇರ್ಪಡಿಸಿತು. ಸೀರಂ ಪರೀಕ್ಷೆ ಕೊಟ್ಟ ಉತ್ತರ ಅನಿರೀಕ್ಷಿತವಾಗಿತ್ತು: ಈ ವೈರಸ್ಸಿನ ಬಳಗ ಸೊಳ್ಳೆಯಿಂದ ಹರಡುವ ಹಳದಿ ಜ್ವರದ್ದಲ್ಲ, ಉಣ್ಣೆಯಿಂದ ಹರಡುವ ರಷ್ಯಾದ ವಸಂತ-ಬೇಸಿಗೆ ಮೆದುಳುಜ್ವರದ್ದು. ಹುಡುಕಾಟ ಸೊಳ್ಳೆಯನ್ನು ಬಿಟ್ಟು ಉಣ್ಣೆಯತ್ತ ತಿರುಗಿತು. ಹೀಮಾಫಿಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣೆಯೇ ಮುಖ್ಯ ವಾಹಕ ಎಂಬುದು ಖಚಿತವಾಯಿತು.

ರಷ್ಯಾದ ನಂಟು ಇನ್ನೊಂದು ಊಹೆಗೂ ದಾರಿಮಾಡಿತು. ಚಳಿಗಾಲದಲ್ಲಿ ಬರುವ ವಲಸೆ ಹಕ್ಕಿಗಳು ಉಣ್ಣೆಯನ್ನು ಹೊತ್ತು ತಂದಿರಬಹುದೇ? ಸಲೀಂ ಅಲಿಯವರ ಮುಂದಾಳ್ತನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಊಹೆಗೆ ಪುರಾವೆ ಗಟ್ಟಿಯಾಗಲಿಲ್ಲ. ಪಕ್ಷಿಶಾಸ್ತ್ರಕ್ಕೆ ಮಾತ್ರ ಲಾಭವಾಯಿತು. ಅದಕ್ಕೂ ಮುಂಚೆ, 1950ರ ದಶಕದ ಆರಂಭದ ಸಮೀಕ್ಷೆಯೊಂದರಲ್ಲಿ ಸೌರಾಷ್ಟ್ರ ಕಡೆಯ ಕೆಲವರ ಸೀರಂನಲ್ಲಿ ಇದೇ ರಷ್ಯನ್ ಬಳಗಕ್ಕೆ ಪ್ರತಿಕಾಯ ಕಂಡಿತ್ತು. ಕಾಯಿಲೆಗೆ ಹೆಸರು ಬರುವ ಮೊದಲೇ ಅದರ ಬಳಗದ ಗುರುತು ದಾಖಲಾಗಿತ್ತು ಎನ್ನಬಹುದೇನೋ.

ಹಳೆಯ ವಿಧಾನ

ಆ ಕಾಲದ ಮುಖ್ಯ ಆಯುಧ ರಕ್ತಕಣಗುಚ್ಛ ನಿರೋಧ ಪರೀಕ್ಷೆ. ಈ ಬಳಗದ ವೈರಸ್ಸುಗಳು ತಕ್ಕ ಆಮ್ಲೀಯತೆಯಲ್ಲಿ ಹೆಬ್ಬಾತಿನ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ಸೀರಂನಲ್ಲಿ ಪ್ರತಿಕಾಯವಿದ್ದರೆ ಅಂಟುವುದಿಲ್ಲ. ಬಿಡಿಕಣಗಳು ಗುಳಿಯ ತಳದಲ್ಲಿ ಗುಂಡಿಯಂತೆ ಇಳಿದು ಕೂರುತ್ತವೆ. ಸೀರಂನಲ್ಲಿ ಸಹಜವಾಗಿಯೇ ಇರುವ, ಅಂಟುವಿಕೆಯನ್ನು ತಡೆಯುವ ಇತರ ವಸ್ತುಗಳನ್ನು ಮೊದಲು ಕೇಯೋಲಿನ್ ಜೇಡಿಯಿಂದಲೋ ಅಸಿಟೋನಿನಿಂದಲೋ ತೆಗೆದಿರಬೇಕು. ಬಳಿಕ ಸೀರಂ ಅನ್ನು 1:10, 1:20, 1:40 ಎಂದು ತೆಳುವಾಗಿಸುತ್ತ ಹೋಗಿ, ಎಲ್ಲಿಯವರೆಗೆ ಅಂಟುವಿಕೆ ತಡೆಯಲ್ಪಟ್ಟಿತೋ ಅದನ್ನು ಮಟ್ಟವೆಂದು ಬರೆಯುತ್ತಾರೆ. ಒಂದೇ ಮಾದರಿಯ ಅಂಕಿಗೆ ಹೆಚ್ಚು ಬೆಲೆಯಿಲ್ಲ. ಜ್ವರದ ಮೊದಲ ದಿನಗಳದ್ದೊಂದು, ಎರಡು-ಮೂರು ವಾರದ ನಂತರದ್ದೊಂದು, ಹೀಗೆ ಜೋಡಿ ಮಾದರಿ ಬೇಕು. ನಡುವೆ ಮಟ್ಟ ನಾಲ್ಕು ಪಟ್ಟು ಏರಿದ್ದರೆ ಸೋಂಕು ಹೊಸದು. ಗುಣವಾದ ಕೂಲಿಕಾರ ಎರಡನೆಯ ಸಲ ರಕ್ತ ಕೊಡಲು ಬರಬೇಕಲ್ಲ! ತನಿಖೆಗಳು ಸೋಲುತ್ತಿದ್ದದ್ದು ಹೆಚ್ಚಾಗಿ ಅಲ್ಲಿಯೇ.

ಇನ್ನೊಂದು ತೊಡಕು ಅಡ್ಡ ಪ್ರತಿಕ್ರಿಯೆ. ಡೆಂಗಿ, ಜಪಾನೀಸ್ ಮೆದುಳುಜ್ವರ, ವೆಸ್ಟ್ ನೈಲ್ ಎಲ್ಲವೂ ಮಂಗನ ಕಾಯಿಲೆಯ ವೈರಸ್ಸಿನಂತೆ ಫ್ಲೇವಿವೈರಸ್ ಕುಲದವೇ. ಒಂದಕ್ಕೆ ಹುಟ್ಟಿದ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲೂ ತಲೆಯೆತ್ತುತ್ತದೆ. ಸಂಶಯ ಬಿಡಿಸಲು ಜೀವಂತ ವೈರಸ್ಸನ್ನೇ ಬಳಸುವ ತಟಸ್ಥೀಕರಣ ಪರೀಕ್ಷೆ ಬೇಕಾಗುತ್ತದೆ. ಈ ವೈರಸ್ ಪ್ರಯೋಗಾಲಯದ ಸಿಬ್ಬಂದಿಗೂ ತಗುಲಿದ ಇತಿಹಾಸವಿರುವುದರಿಂದ ಅದು ಎಲ್ಲೆಡೆ ಮಾಡುವಂಥದ್ದಲ್ಲ.

ಎಲೈಸಾ ಮತ್ತು ಬಂಡೀಪುರ

2012ರಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಮಂಗನ ಕಾಯಿಲೆಗೆ ಐಜಿಎಂ ಎಲೈಸಾ ಮತ್ತು ಆರ್‌ಟಿ-ಪಿಸಿಆರ್ ಪರೀಕ್ಷೆಗಳನ್ನು ಪ್ರಕಟಿಸಿತು. ಎಲೈಸಾ ತಟ್ಟೆಯ ಗುಳಿಗಳಿಗೆ ಮೊದಲೇ ಲೇಪಿಸಿದ ವಸ್ತು ರೋಗಿಯ ಐಜಿಎಂ ಪ್ರತಿಕಾಯಗಳನ್ನು ಹಿಡಿದಿಡುತ್ತದೆ. ಅವುಗಳಲ್ಲಿ ಈ ವೈರಸ್ಸಿಗೆ ಸಂಬಂಧಪಟ್ಟವು ಇದ್ದರೆ ಮಾತ್ರ ಸತ್ತ ವೈರಸ್ಸಿನ ಪ್ರತಿಜನಕ ಅಂಟಿ, ಕೊನೆಗೆ ಬಣ್ಣ ಬರುತ್ತದೆ. ಐಜಿಎಂ ಸೋಂಕಿನ ಆರಂಭದಲ್ಲೇ ಹುಟ್ಟುವುದರಿಂದ ಹಲವು ಸಲ ಒಂದೇ ಮಾದರಿ ಸಾಕು.

ಅದೇ ವರ್ಷಾಂತ್ಯಕ್ಕೆ ಬಂಡೀಪುರದಲ್ಲಿ ಸತ್ತ ಮಂಗಗಳ ಶವಪರೀಕ್ಷೆಯ ಕೆಲಸದಲ್ಲಿದ್ದ ಕೆಲವರಿಗೆ ಜ್ವರ ಬಂದಾಗ ಈ ಪರೀಕ್ಷೆಗಳು ಕೈಗೆಟುಕಿದವು. ಮುಂದೆ ನೀಲಗಿರಿ, ವಯನಾಡುಗಳಲ್ಲೂ ವೈರಸ್ ಪತ್ತೆಯಾಯಿತು. ಮೊದಲ ಕೆಲವು ದಿನಗಳಲ್ಲಿ ರಕ್ತದಲ್ಲಿ ವೈರಸ್ ಇದ್ದು ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ. ಆಗ ವೈರಸ್ಸನ್ನೇ ಹುಡುಕುವ ಪಿಸಿಆರ್ ಬೇಕು. ಆಮೇಲೆ ವೈರಸ್ ತಗ್ಗಿ ಐಜಿಎಂ ಏರುತ್ತದೆ. ಆದ್ದರಿಂದ ಜ್ವರ ಶುರುವಾದ ದಿನವನ್ನು ಬರೆಯದೆ ಕಳಿಸಿದ ಮಾದರಿಯ ಫಲಿತಾಂಶ, ಧನವಿರಲಿ ಋಣವಿರಲಿ, ಅರ್ಧ ಮಾತ್ರ ಓದಲು ಬರುತ್ತದೆ. ಲಸಿಕೆ ಪಡೆದಿದ್ದರೆ ಅದೂ ನಮೂದಾಗಬೇಕು.

ಪ್ರಾಣಿಗಳಲ್ಲಿ

ಸತ್ತ ಮಂಗದಲ್ಲಿ ಪ್ರತಿಕಾಯ ಹುಡುಕಿ ಫಲ ಕಡಿಮೆ. ಅಂಗಾಂಶದಲ್ಲಿ ವೈರಸ್ಸನ್ನೇ ಹುಡುಕುತ್ತಾರೆ. ದನಗಳ ವಿಷಯ ಬೇರೆ. ಬೆಳೆದ ಉಣ್ಣೆಗಳು ರಕ್ತ ಹೀರುವುದು ಹೆಚ್ಚಾಗಿ ಅವುಗಳ ಮೈಮೇಲೆ. ದನ ಕಾಯಿಲೆ ಬೀಳುವುದಿಲ್ಲ, ವೈರಸ್ಸನ್ನು ಉಣ್ಣೆಗೆ ದಾಟಿಸುವುದರಲ್ಲೂ ಅದರ ಪಾತ್ರ ಗೌಣವೆಂದೇ ಎಣಿಕೆ. ಆದರೆ ಸೀರಂನಲ್ಲಿ ಪ್ರತಿಕಾಯ ಉಳಿಯುತ್ತದೆ. ತಾಳವಾಡಿಯಂಥ ಕಡೆ, ಕಾಡಿನಲ್ಲಿ ಮೇದು ಸಂಜೆ ಕೊಟ್ಟಿಗೆಗೆ ಮರಳುವ ದನದ ರಕ್ತ, ಮನುಷ್ಯರಲ್ಲಿ ಜ್ವರ ಕಾಣುವ ಮೊದಲೇ ವೈರಸ್ಸಿನ ಇರವನ್ನು ಸೂಚಿಸಬಹುದು.