ಅನ್ನವಿತ್ತು, ಪಾಲಿರಲಿಲ್ಲ

ನಮ್ಮ ಸೀಮೆಯ ಹಿರಿಯರು ಅಂಗವಿಕಲ ಮಕ್ಕಳನ್ನು ಹೇಗೆ ಕಾಣುತ್ತಿದ್ದರೆಂದು ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. ನಿರ್ದಯರಾಗಿದ್ದರೆಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ಅದು ಪೂರ್ತಿ ನಿಜವಲ್ಲ.

ಸೋಮನಾಥಪುರದ ಸುತ್ತಿನ ಹಳ್ಳಿಗಳಲ್ಲಿ ಮಗು ಸೀಳುತುಟಿಯೊಡನೆ ಹುಟ್ಟಿದರೆ ತಾಯಿ ಬಸುರಿಯಾಗಿದ್ದಾಗ ಗ್ರಹಣ ನೋಡಿದಳೆನ್ನುತ್ತಿದ್ದರು. ಕಾಲು ಸೊಟ್ಟಗಿದ್ದರೆ ಪೂರ್ವಜನ್ಮದ ಕರ್ಮ. ಮನೆಯವರು ಯಾವ ಹೆಸರಿಟ್ಟಿದ್ದರೂ ಊರಿಗೆ ಅವನು ‘ಕುಂಟ’ನೇ. ಭಿನ್ನವಾದ ವಿಗ್ರಹಕ್ಕೆ ಪೂಜೆಯಿಲ್ಲವೆಂಬುದನ್ನು 1258ರಲ್ಲಿ ಪ್ರತಿಷ್ಠೆಯಾದ ನಮ್ಮ ಕೇಶವ ದೇವಾಲಯವೇ ತೋರಿಸುತ್ತದೆ. ಮದುವೆಮನೆಯಲ್ಲಿ ಕಳಶ ಹಿಡಿಯಲು ಅಂಗವಿಕಲ ಹೆಣ್ಣುಮಗುವನ್ನು ಕರೆಯದಿದ್ದುದೂ ಇದೇ ಭಾವನೆಯಿಂದಲೇ ಎಂದು ನನಗನ್ನಿಸುತ್ತದೆ.

ಆದರೂ ಅದೇ ಮಗುವನ್ನು ಹೆಗಲ ಮೇಲೆ ಹೊತ್ತು ನಂಜನಗೂಡಿಗೆ ಕರೆದೊಯ್ಯುತ್ತಿದ್ದರು. ಕಪಿಲೆಯಲ್ಲಿ ಮೀಯಿಸಿ, ಮಗುವಿನ ಪರವಾಗಿ ತಂದೆಯೇ ಉರುಳುಸೇವೆ ಮಾಡುತ್ತಿದ್ದನು. ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನನೇ ‘ಹಕೀಂ ನಂಜುಂಡ’ ಎಂದನೆಂಬ ಪ್ರತೀತಿಯುಳ್ಳ ದೇವರಲ್ಲವೇ!

ನಿಜವಾದ ಪರೀಕ್ಷೆ ಬರುತ್ತಿದ್ದುದು ಪಾಲುಪಾರೀಕತ್ತಿನ ದಿನ. ‘ಅವನಿಗೇಕೆ ಜಮೀನು? ಇರುವಷ್ಟು ದಿನ ನಾವೇ ಅನ್ನ ಹಾಕುತ್ತೇವೆ’ ಎಂದು ಅಣ್ಣತಮ್ಮಂದಿರು ಹೇಳುವುದನ್ನು ನಾನೇ ಕೇಳಿದ್ದೇನೆ. ಹೇಳುವವರ ಮುಖದಲ್ಲಿ ಕಪಟವಿರುತ್ತಿರಲಿಲ್ಲ. ಈ ಮಾತಿಗೆ ಶಾಸ್ತ್ರದ ಬೇರಿತ್ತು. ಕುಂಟರು, ಕುರುಡರು ಮೊದಲಾದವರಿಗೆ ಪಾಲಿಲ್ಲ, ಪೋಷಣೆ ಮಾತ್ರ ಎಂದು ಯಾಜ್ಞವಲ್ಕ್ಯ ಸ್ಮೃತಿ ವಿಧಿಸಿತ್ತು. ಅದಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನವನೇ, ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ಕಲ್ಯಾಣದವನು. ದೋಷವಿಲ್ಲದ ಅವರ ಗಂಡುಮಕ್ಕಳಿಗೆ ಪಾಲುಂಟು, ಹೆಣ್ಣುಮಕ್ಕಳನ್ನು ಮದುವೆಯವರೆಗೆ ಸಾಕಬೇಕು ಎಂಬ ಕರುಣೆಯೂ ಅಲ್ಲಿದೆ. ಅನ್ನ ಕೊಡುವ ಮನಸ್ಸು, ಹಕ್ಕು ಕೊಡದ ಕೈ — ಎರಡೂ ಒಂದೇ ಗ್ರಂಥದಲ್ಲಿ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮು ಈ ಅಡ್ಡಿಯನ್ನು ತೆಗೆದುಹಾಕಿತು. ಹಳ್ಳಿಗೆ ಆ ಸುದ್ದಿ ತಲುಪಲು ಬಹಳ ಕಾಲ ಹಿಡಿಯಿತು. ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲೇ ಮೈಸೂರಿನಲ್ಲಿ ಆರಂಭವಾಗಿದ್ದರೂ ಪೋಲಿಯೋ ಆದ ಮಕ್ಕಳನ್ನು ನಮ್ಮವರು ‘ಮನೆ ಕಾಯಲಿ’ ಎಂದು ಜಗಲಿಯಲ್ಲೇ ಕೂರಿಸುತ್ತಿದ್ದರು. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಜೆಎಸ್ಎಸ್ ಸಂಸ್ಥೆಯು 1991ರಲ್ಲಿ ಮೈಸೂರಿನಲ್ಲಿ ಅಂಗವಿಕಲರಿಗಾಗಿಯೇ ಪಾಲಿಟೆಕ್ನಿಕ್ ತೆರೆದಾಗ ಜಗಲಿಯ ಹುಡುಗರಿಗೆ ಒಂದು ದಾರಿಯಾಯಿತು. ಅಲ್ಲಿ ಓದಿದ ನನ್ನ ಶಿಷ್ಯನೊಬ್ಬ, ಅಣ್ಣಂದಿರು ಪಾಲಿನ ಕಾಗದ ಬರೆಸಲು ಕುಳಿತಾಗ ಊರುಗೋಲನ್ನು ಕಂಬಕ್ಕೆ ಒರಗಿಸಿ, ‘ನನ್ನ ಭಾಗದ ಸರ್ವೆ ನಂಬರ್ ಯಾವುದು?’ ಎಂದು ಕೇಳಿದನಂತೆ. ಬರೆಯುತ್ತಿದ್ದವರು ಹಾಳೆ ಹರಿದು ಮತ್ತೆ ಮೊದಲಿನಿಂದ ಬರೆದರು.