ಇಂಗಾಲದ ಆಯವ್ಯಯ ಮತ್ತು ಸಾಗರ ಆಮ್ಲೀಕರಣ

ಇಂಗಾಲದ ಆಯವ್ಯಯ ಅಥವಾ ಕಾರ್ಬನ್ ಬಜೆಟ್ ಎಂಬುದು ವಾತಾವರಣ, ನೆಲ ಮತ್ತು ಸಾಗರಗಳ ನಡುವೆ ಸಂಚರಿಸುವ ಇಂಗಾಲದ ಲೆಕ್ಕವಾಗಿದೆ. ಹವಾಮಾನ ನೀತಿಯಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವಿದೆ. ಜಾಗತಿಕ ತಾಪಮಾನದ ಏರಿಕೆಯನ್ನು ನಿರ್ದಿಷ್ಟ ಮಿತಿಯೊಳಗೆ ಇರಿಸಬೇಕಾದರೆ ಮನುಷ್ಯರು ಇನ್ನು ಹೊರಸೂಸಬಹುದಾದ ಇಂಗಾಲದ ಡೈಆಕ್ಸೈಡ್‌ನ ಗರಿಷ್ಠ ಪ್ರಮಾಣವನ್ನು ಉಳಿದ ಆಯವ್ಯಯ ಎನ್ನುತ್ತಾರೆ. ಹೊರಸೂಸಿದ ಅನಿಲದ ಸುಮಾರು ಕಾಲು ಭಾಗವನ್ನು ಸಾಗರಗಳು ಹೀರಿಕೊಳ್ಳುತ್ತವೆ. ಇದರಿಂದ ಭೂಮಿ ಬಿಸಿಯಾಗುವ ವೇಗ ತಗ್ಗುತ್ತದೆಯಾದರೂ ಸಮುದ್ರದ ನೀರಿನ ರಾಸಾಯನಿಕ ಗುಣ ಬದಲಾಗುತ್ತದೆ. ಈ ಬದಲಾವಣೆಯನ್ನು ಸಾಗರ ಆಮ್ಲೀಕರಣ ಎಂದು ಕರೆಯಲಾಗುತ್ತದೆ.

ಆಯವ್ಯಯದ ಲೆಕ್ಕ

ಕಲ್ಲಿದ್ದಲು, ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲಗಳ ದಹನ, ಸಿಮೆಂಟ್ ತಯಾರಿಕೆ ಹಾಗೂ ಅರಣ್ಯನಾಶ ಇಂಗಾಲದ ಪ್ರಮುಖ ಮೂಲಗಳು. ಹೀಗೆ ಬಿಡುಗಡೆಯಾದ ಅನಿಲದಲ್ಲಿ ಸುಮಾರು ಅರ್ಧದಷ್ಟು ವಾತಾವರಣದಲ್ಲೇ ಉಳಿಯುತ್ತದೆ. ಮಿಕ್ಕಿದ್ದನ್ನು ಸಸ್ಯಗಳು, ಮಣ್ಣು ಮತ್ತು ಸಾಗರಗಳು ಹೀರಿಕೊಳ್ಳುತ್ತವೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯಲ್ಲಿ ದಶಲಕ್ಷಕ್ಕೆ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ಭಾಗವನ್ನು ಮೀರಿದೆ.

ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ (ಐಪಿಸಿಸಿ) 2021ರ ವರದಿಯಂತೆ, 1850ರಿಂದ 2019ರವರೆಗೆ ಸುಮಾರು 2,390 ಗಿಗಾಟನ್ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿದೆ. ಒಂದು ಗಿಗಾಟನ್ ಎಂದರೆ 100 ಕೋಟಿ ಟನ್. ಏರಿಕೆಯನ್ನು 1.5 ಡಿಗ್ರಿ ಸೆಲ್ಸಿಯಸ್‌ಗೆ ಸೀಮಿತಗೊಳಿಸುವ ಶೇ. 50ರ ಸಂಭವನೀಯತೆಗೆ 2020ರ ಆರಂಭದಲ್ಲಿ ಉಳಿದಿದ್ದದ್ದು ಸುಮಾರು 500 ಗಿಗಾಟನ್. ಜಗತ್ತಿನ ವಾರ್ಷಿಕ ಹೊರಸೂಸುವಿಕೆ ಸುಮಾರು 40 ಗಿಗಾಟನ್ ಇರುವುದರಿಂದ, ಮುಂದಿನ ಐದು ವರ್ಷಗಳಲ್ಲೇ ಸುಮಾರು 200 ಗಿಗಾಟನ್ ವ್ಯಯವಾಯಿತು.

ಸಾಗರದ ಮೇಲಿನ ಪರಿಣಾಮ

ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದಾಗ ಕಾರ್ಬಾನಿಕ್ ಆಮ್ಲ ಉಂಟಾಗಿ, ಅದರಿಂದ ಹೈಡ್ರೋಜನ್ ಅಯಾನುಗಳು ಬಿಡುಗಡೆಯಾಗುತ್ತವೆ. ಇವು ನೀರಿನಲ್ಲಿರುವ ಕಾರ್ಬೊನೇಟ್ ಅಯಾನುಗಳೊಂದಿಗೆ ಸೇರಿ ಬೈಕಾರ್ಬೊನೇಟ್ ಆಗುತ್ತವೆ. ಪರಿಣಾಮವಾಗಿ ಹವಳ, ಸಿಂಪಿ, ಬಳಚು ಮೊದಲಾದ ಜೀವಿಗಳು ತಮ್ಮ ಸುಣ್ಣದ ಕವಚವನ್ನು ಕಟ್ಟಿಕೊಳ್ಳಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಕೈಗಾರಿಕಾ ಯುಗದ ಆರಂಭದಿಂದ ಸಾಗರದ ಮೇಲ್ಮೈ ನೀರಿನ ಸರಾಸರಿ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ನೀರು ಈಗಲೂ ಕ್ಷಾರೀಯವೇ ಆಗಿದೆ; ಆದರೆ ಪಿಎಚ್ ಲಘುಗಣಕೀಯ ಮಾಪನವಾದ್ದರಿಂದ 0.1ರ ಇಳಿಕೆ ಎಂದರೆ ಹೈಡ್ರೋಜನ್ ಅಯಾನುಗಳಲ್ಲಿ ಶೇ. 25ಕ್ಕಿಂತ ಹೆಚ್ಚಿನ ಏರಿಕೆ.

ಕಾರ್ಬೊನೇಟ್ ಕಡಿಮೆಯಾದಂತೆ ಹೆಚ್ಚುವರಿ ಅನಿಲವನ್ನು ಹೀರಿಕೊಳ್ಳುವ ಸಾಮರ್ಥ್ಯವೂ ಕುಗ್ಗುತ್ತದೆ. ಬೆಚ್ಚಗಿನ ನೀರಿನಲ್ಲಿ ಅನಿಲ ಕರಗುವುದೂ ಕಡಿಮೆ. ಆದ್ದರಿಂದ ಹೊರಸೂಸುವಿಕೆ ಹೆಚ್ಚಿದಷ್ಟೂ ಸಾಗರ ಹೊರುವ ಪಾಲು ಇಳಿಯುತ್ತದೆ ಎಂದು ಅಂದಾಜಿಸಲಾಗಿದೆ. ಉಳಿದ ಆಯವ್ಯಯವನ್ನು ತಾಪಮಾನದ ಮಿತಿಯಿಂದ ಲೆಕ್ಕಹಾಕುವುದರಿಂದ, ಆಮ್ಲೀಕರಣದ ನಷ್ಟ ಅದರಲ್ಲಿ ನೇರವಾಗಿ ಸೇರುವುದಿಲ್ಲ.

ಅರಬ್ಬೀ ಸಮುದ್ರ ಮತ್ತು ಕರ್ನಾಟಕದ ಕರಾವಳಿ

ನೈಋತ್ಯ ಮುಂಗಾರಿನ ಅವಧಿಯಲ್ಲಿ ಭಾರತದ ಪಶ್ಚಿಮ ಕರಾವಳಿಯ ಬಳಿ ಆಳದ ತಣ್ಣನೆಯ ನೀರು ಮೇಲಕ್ಕೆ ಬರುತ್ತದೆ. ಅದರಲ್ಲಿ ಪೋಷಕಾಂಶಗಳು ಹೇರಳವಾಗಿದ್ದು ಮೀನುಗಾರಿಕೆಗೆ ಅನುಕೂಲವಾಗುತ್ತದೆ. ಆದರೆ ಆಮ್ಲಜನಕ ಕಡಿಮೆಯಿದ್ದು ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ. ಈ ಕಾರಣದಿಂದ ಅರಬ್ಬೀ ಸಮುದ್ರವು ಒಟ್ಟಾರೆಯಾಗಿ ವಾತಾವರಣಕ್ಕೆ ಇಂಗಾಲದ ಡೈಆಕ್ಸೈಡ್ ಬಿಡುಗಡೆ ಮಾಡುವ ಸಾಗರ ಪ್ರದೇಶವಾಗಿದೆ. ಸಹಜವಾಗಿಯೇ ಪಿಎಚ್ ಇಳಿಯುವ ಇಂತಹ ನೀರಿಗೆ ಮಾನವಕೃತ ಇಂಗಾಲವೂ ಸೇರಿದರೆ ಚಿಪ್ಪುಜೀವಿಗಳ ಮೇಲಿನ ಒತ್ತಡ ಹೆಚ್ಚುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಬಳಚು ಸಂಗ್ರಹವು ಅನೇಕ ಕುಟುಂಬಗಳ ಜೀವನಾಧಾರವಾಗಿದೆ. ಈ ಅಳಿವೆಯನ್ನು 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಭಟ್ಕಳ ತಾಲ್ಲೂಕಿನ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಅಳಿವೆಗಳಲ್ಲಿ ಪಿಎಚ್ ಉಬ್ಬರವಿಳಿತ ಮತ್ತು ಮಳೆನೀರಿಗೆ ಅನುಗುಣವಾಗಿಯೂ ಏರಿಳಿಯುವುದರಿಂದ, ಆಮ್ಲೀಕರಣವನ್ನು ಗುರುತಿಸಲು ದೀರ್ಘಕಾಲದ ಮಾಪನಗಳು ಅಗತ್ಯ.

ಜಕ್ಕೂರಿನಲ್ಲಿ ಸಂಶೋಧನೆ

ಕರಾವಳಿಯಿಂದ ಸುಮಾರು 300 ಕಿ.ಮೀ. ದೂರದಲ್ಲಿರುವ ಬೆಂಗಳೂರಿನ ಹೊಗೆಗೂ ಸಮುದ್ರಕ್ಕೂ ಸಂಬಂಧವಿದೆ. ಇಂಗಾಲದ ಡೈಆಕ್ಸೈಡ್ ಎಲ್ಲಿ ಬಿಡುಗಡೆಯಾದರೂ ಇಡೀ ವಾತಾವರಣದಲ್ಲಿ ಬೆರೆಯುತ್ತದೆ. ನಗರದ ಉತ್ತರ ಭಾಗದ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಇಲ್ಲಿ ಸೆಬಾಸ್ಟಿಯನ್ ಸಿ. ಪೀಟರ್ ಅವರ ತಂಡವು ಇಂಗಾಲದ ಡೈಆಕ್ಸೈಡ್ ಅನ್ನು ಮೆಥನಾಲ್ ಮುಂತಾದ ರಾಸಾಯನಿಕಗಳಾಗಿ ಪರಿವರ್ತಿಸುವ ವೇಗವರ್ಧಕಗಳ ಬಗ್ಗೆ ಸಂಶೋಧನೆ ನಡೆಸಿದೆ. ಈ ಸಂಶೋಧನೆಯಿಂದ ಹುಟ್ಟಿದ ಬ್ರೀದ್ ಅಪ್ಲೈಡ್ ಸೈನ್ಸಸ್ ಸಂಸ್ಥೆಯು ಅಂತರರಾಷ್ಟ್ರೀಯ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ ಸುತ್ತಿಗೆ 2018ರಲ್ಲಿ ಆಯ್ಕೆಯಾದ ಹತ್ತು ತಂಡಗಳಲ್ಲಿ ಒಂದಾಗಿತ್ತು.

ಮೆಥನಾಲ್ ಅನ್ನು ಇಂಧನವಾಗಿ ಉರಿಸಿದಾಗ ಅದರಲ್ಲಿನ ಇಂಗಾಲ ಮತ್ತೆ ಗಾಳಿಗೆ ಸೇರುತ್ತದೆ. ಆದ್ದರಿಂದ ಪರಿವರ್ತನೆಗೆ ಬೇಕಾದ ಹೈಡ್ರೋಜನ್ ಮತ್ತು ವಿದ್ಯುತ್ತು ಇಂಗಾಲರಹಿತ ಮೂಲಗಳಿಂದ ಬಂದು, ಹೀಗೆ ತಯಾರಾದ ಇಂಧನವು ಪಳೆಯುಳಿಕೆ ಇಂಧನದ ಬದಲಾಗಿ ಬಳಕೆಯಾದಾಗ ಮಾತ್ರ ಆಯವ್ಯಯದಲ್ಲಿ ಉಳಿತಾಯವಾಗುತ್ತದೆ. ಸಾಗರ ಆಮ್ಲೀಕರಣವನ್ನು ತಡೆಯುವ ಮುಖ್ಯ ಮಾರ್ಗ ಹೊರಸೂಸುವಿಕೆಯನ್ನೇ ತಗ್ಗಿಸುವುದು. ಈಗಾಗಲೇ ಹೀರಲ್ಪಟ್ಟ ಇಂಗಾಲವು ಆಳ ಸಮುದ್ರದ ನೀರಿನೊಂದಿಗೆ ಬೆರೆಯಲು ಶತಮಾನಗಳೇ ಬೇಕಾಗುತ್ತವೆ.